ಗೋಡೆಯ ಮೇಲಿನ ಮನೆಮಂದಿ

ಪುತ್ತೂರು, ಸುಳ್ಯ, ಕಡಬದ ಕಡೆ ಕಥೋಲಿಕರ ಮನೆಯ ಚಾವಡಿಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಯೇಸುವಿನ ಪವಿತ್ರ ಹೃದಯದ ಪಟ, ಅದರಡಿ ಹಗಲೂ ಉರಿಯುವ ಪುಟ್ಟ ಕೆಂಪು ಬಲ್ಬು. ಅಲ್ಲಿಂದ ಒಂದು ಮೊಳ ಈಚೆಗೆ ಮನೆಯವರ ಫೋಟೊಗಳು. ಇಗರ್ಜಿಯ ಮೆಟ್ಟಿಲಲ್ಲಿ ನಿಂತ ಮದುಮಕ್ಕಳಾಗಿ ಅಜ್ಜ ಅಜ್ಜಿ, ಮೊದಲ ಪರಮಪ್ರಸಾದದ ಬಿಳಿ ಉಡುಪಿನಲ್ಲಿ ಮಗಳು, ದೊಡ್ಡ ಮಗ ಗಲ್ಫಿಗೆ ಹೊರಡುವ ಮುನ್ನ ಸ್ಟುಡಿಯೋದ ಬಣ್ಣದ ಪರದೆಯೆದುರು ತೆಗೆಸಿದ ಗ್ರೂಪ್ ಫೋಟೊ. ಸಂಜೆ ಜಪಸರಕ್ಕೆ ಎಲ್ಲರೂ ಮೊಣಕಾಲೂರುವುದು ಈ ಗೋಡೆಗೆ ಮುಖ ಮಾಡಿಯೇ. ಹಾಗಾಗಿ ಪ್ರಾರ್ಥನೆಯ ಹೊತ್ತಿಗೆ ಕಣ್ಣೆದುರು ದೇವರೂ ಇರುತ್ತಾರೆ, ತೀರಿಹೋದ ಅಜ್ಜನೂ ಇರುತ್ತಾರೆ.

ಗುಡ್ಡ ಜರಿದರೆ ಮೊದಲು ಬೀಳುವುದೂ ಇಂಥ ಗೋಡೆಯೇ.

2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಎರಡನೇ ಮೊಣ್ಣಂಗೇರಿಯ ಗುಡ್ಡಗಳು ಕಳಚಿಕೊಂಡಾಗ ಸಂಪಾಜೆಯಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯೇ ತುಂಡಾಯಿತು. ಮೇಲಿನವರು ಉಟ್ಟ ಬಟ್ಟೆಯಲ್ಲಿ ಇಳಿದು ಬಂದು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಪರಿಹಾರ ಕೇಂದ್ರಗಳಲ್ಲಿ ಕೂತರು. ನಾಲ್ಕು ವರ್ಷ ಕಳೆದು 2022ರ ಜೂನ್ ಕೊನೆಯಲ್ಲಿ ಸಂಪಾಜೆ, ಚೆಂಬು ಆಸುಪಾಸಿನ ನೆಲ ಕೆಲವು ಸಲ ನಡುಗಿತು. ಆಗಸ್ಟ್ ಮೊದಲ ದಿನವೇ ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ಇಬ್ಬರು ಪುಟ್ಟ ಅಕ್ಕತಂಗಿಯರು ಹೋದರು. ಅದೇ ಮಳೆ ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರಿನ ಅಂಗಡಿ, ಸೇತುವೆ, ತೋಟಗಳ ಮೇಲೆ ಹರಿಯಿತು. ಹಳಬರಿಗೆ ಈ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತದೆ. ನೇತ್ರಾವತಿ, ಕುಮಾರಧಾರಾ ಸೇರುವ ಉಪ್ಪಿನಂಗಡಿಯಲ್ಲಿ 1923ರ ಬೊಳ್ಳ (ನೆರೆ), 1974ರ ಬೊಳ್ಳ ಎಂದರೆ ವರ್ಷ ಹೇಳಿದಂತಲ್ಲ, ನೀರು ಯಾವ ಮೆಟ್ಟಿಲಿಗೆ ಬಂದಿತ್ತು ಎಂದು ತೋರಿಸಿದಂತೆ.

ನೀರಿಳಿದ ಮೇಲೆ ಗ್ರಾಮ ಆಡಳಿತಾಧಿಕಾರಿಗಳು ಬಂದು ಪಟ್ಟಿ ಮಾಡುತ್ತಾರೆ. ಗೋಡೆ ಎಷ್ಟು, ಮಾಡು ಎಷ್ಟು, ಹಸು ಎಷ್ಟು, ಅಡಿಕೆ ಮರ ಎಷ್ಟು. ಬಟ್ಟೆ, ಪಾತ್ರೆಗೂ ಸರಕಾರಿ ದರವಿದೆ. ಅಜ್ಜಿಯ ಏಕೈಕ ಫೋಟೊಗೆ ಕಾಲಂ ಇಲ್ಲ. ಇರಲೂ ಸಾಧ್ಯವಿಲ್ಲ, ಅದು ಸರಕಾರದ ತಪ್ಪೂ ಅಲ್ಲ. ಆ ಕಾಲಂ ತುಂಬುವ ಕೆಲಸ ಬೇರೆ ಯಾರದೋ. ಇಗರ್ಜಿಯದು ಎಂದು ನನ್ನ ವಾದ.

ಕೆಸರಿನಲ್ಲಿ ಸಿಕ್ಕ ಫೋಟೊವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು, ಅದು ಒಮ್ಮೆಲೇ ಸಾಯುವುದಿಲ್ಲ. ಹಳೆಯ ಸ್ಟುಡಿಯೋ ಪ್ರಿಂಟಿನ ಮೈಮೇಲಿರುವುದು ಜೆಲಟಿನ್ ಪದರ. ನೀರು ಕುಡಿದು ಅದು ಉಬ್ಬುತ್ತದೆ, ನುಣ್ಣಗೆ ಲೋಳೆಯಾಗುತ್ತದೆ, ಎರಡು ದಿನ ಬಿಟ್ಟರೆ ಸೂಕ್ಷ್ಮಜೀವಿಗಳು ತಿನ್ನಲು ತೊಡಗುತ್ತವೆ. ಹಾಳಾಗುವುದು ಅಂಚಿನಿಂದ. ಮೊದಲು ಪರದೆ ಹೋಗುತ್ತದೆ, ಆಮೇಲೆ ಬದಿಗೆ ನಿಂತವರ ಭುಜ, ಕೊನೆಗೆ ನಡುವೆ ಕೂತವರ ಮುಖ. ಆಲ್ಬಮ್ಮಿನೊಳಗೆ ಎದುರುಬದುರಾಗಿದ್ದ ಎರಡು ಫೋಟೊಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಣಗಿದ ಮೇಲೆ ಎಳೆದರೆ ಈಕೆಯ ಕೆನ್ನೆ ಆಕೆಯ ಸೀರೆಗೆ ಬರುತ್ತದೆ. ಬಿಸಿಲಿಗೆ ಹಾಕುವ ಆತುರ ಬೇಡ. ತಣ್ಣನೆಯ ಶುದ್ಧ ನೀರಿನ ಬೋಗುಣಿಯಲ್ಲಿ ಮಲಗಿಸಿ, ಮುಖದ ಕಡೆ ಉಜ್ಜದೆ ಕೆಸರನ್ನು ತಾನಾಗಿ ಬಿಡಲು ಬಿಟ್ಟು, ನೆರಳಿನಲ್ಲಿ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಡಬೇಕು. ಚೌಕಟ್ಟಿನ ಗಾಜಿಗೆ ಹಿಡಿದುಕೊಂಡದ್ದನ್ನು ಬಿಡಿಸಲೇಬಾರದು, ಗಾಜಿನ ಸಮೇತ ಮತ್ತೊಂದು ಫೋಟೊ ತೆಗೆದುಬಿಡಬೇಕು. ಮನೆಯ ಇಂಕ್‌ಜೆಟ್ ಪ್ರಿಂಟಾದರೆ ತೊಳೆಯುವ ಆಸೆಯೂ ಬೇಡ, ಬಣ್ಣವೇ ನೀರಿಗೆ ಬರುತ್ತದೆ. ನಮ್ಮಲ್ಲಂತೂ ನೆರೆಯೇ ಬರಬೇಕೆಂದಿಲ್ಲ. ಆಟಿಯ ಬೂಷ್ಟು ಮತ್ತು ಒರಲೆ ಪ್ರತಿವರ್ಷ ಸದ್ದಿಲ್ಲದೆ ಮಾಡುವ ಕೆಲಸವೂ ಇದೇ.

ಕೆಸರಿನ ಫೋಟೊ ತೊಳೆದು ಉಳಿಸುವುದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಜಪಾನ್. 2011ರ ಮಾರ್ಚ್ 11ರ ಸುನಾಮಿಯ ನಂತರ ಮಿಯಾಗಿ ಪ್ರಾಂತ್ಯದ ಯಮಾಮೊಟೊ ಎಂಬ ಸಣ್ಣ ಊರಿನಲ್ಲಿ ಸೈನಿಕರು, ಅಗ್ನಿಶಾಮಕದವರು ಅವಶೇಷಗಳಿಂದ ಹೆಕ್ಕಿ ತಂದ ಫೋಟೊಗಳು ಸುಮಾರು ಏಳೂವರೆ ಲಕ್ಷ. ಸ್ವಯಂಸೇವಕರು ಒಂದೊಂದನ್ನೇ ತೊಳೆದು, ಒಣಗಿಸಿ, ಪ್ರತಿ ತೆಗೆದು, ಊರವರು ಬಂದು ಹುಡುಕಿಕೊಳ್ಳುವಂತೆ ಇಟ್ಟರು. ಗುರುತೇ ಸಿಗದಷ್ಟು ಮಾಸಿದವನ್ನೂ ಛಾಯಾಗ್ರಾಹಕ ಮುನೆಮಾಸ ತಕಾಹಾಶಿ ಎಸೆಯಲು ಬಿಡಲಿಲ್ಲ, ಅವು ಲಾಸ್ ಏಂಜಲೀಸ್, ನ್ಯೂಯಾರ್ಕಿನವರೆಗೆ ಪ್ರದರ್ಶನಕ್ಕೆ ಹೋದವು. ಫೋಟೊಹೋಕು ಎಂಬ ಇನ್ನೊಂದು ತಂಡ ಹಳೆಯದನ್ನು ಹುಡುಕುವ ಬದಲು ಹೊಸದಕ್ಕೆ ಕೈಹಾಕಿತು. ತಾತ್ಕಾಲಿಕ ಶೆಡ್ಡುಗಳ ಬಾಗಿಲಿಗೆ ಹೋಗಿ, ಕುಟುಂಬವನ್ನು ಒಟ್ಟಿಗೆ ನಿಲ್ಲಿಸಿ, ತಕ್ಷಣ ಪ್ರಿಂಟ್ ಕೊಡುವ ಕ್ಯಾಮೆರಾದಲ್ಲಿ ತೆಗೆದು, ಖಾಲಿ ಆಲ್ಬಮ್ಮಿನ ಮೊದಲ ಪುಟಕ್ಕೆ ಅಂಟಿಸಿ ಕೈಗಿಟ್ಟಿತು. ಉಳಿದ ಪುಟಗಳನ್ನು ಮನೆಯವರೇ ತುಂಬಿಕೊಳ್ಳಬೇಕು.

ಹೀಗೆ ಫೋಟೊ ತೆಗೆದು ಕೊಡುವುದಕ್ಕೆ ಸೇವೆಯ ರೂಪ ಕೊಟ್ಟವರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಛಾಯಾಗ್ರಾಹಕ ಜೆರೆಮಿ ಕವರ್ಟ್ ಹೆಸರು ಮುಂದೆ ಬರುತ್ತದೆ. ಗಾಯಕರು, ನಟರ ಚಿತ್ರ ತೆಗೆಯುತ್ತಿದ್ದವರು, ತಮ್ಮ ನಂಬಿಕೆಯನ್ನು ಮುಚ್ಚಿಡದವರು. ಅವರು ಕಟ್ಟಿದ ಹೆಲ್ಪ್-ಪೋರ್ಟ್ರೇಟ್ 2009ರ ಡಿಸೆಂಬರಿನಲ್ಲಿ ಮೊದಲ ಸಲ ಒಂದೇ ದಿನ ಹಲವು ಊರುಗಳಲ್ಲಿ ನಡೆಯಿತು. ನಿಯಮ ಸರಳ: ಅಗತ್ಯವಿರುವವರನ್ನು ಹುಡುಕಿ, ಫೋಟೊ ತೆಗೆಯಿರಿ, ಪ್ರಿಂಟ್ ಹಾಕಿಸಿ, ಅವರ ಕೈಗೇ ಕೊಡಿ. ತೆಗೆದವನ ಹೆಸರಿಗೆ, ಪ್ರದರ್ಶನಕ್ಕೆ ಅದನ್ನು ಬಳಸುವುದು ಉದ್ದೇಶವೇ ಅಲ್ಲ. ಮರುತಿಂಗಳೇ ಹೈಟಿಯಲ್ಲಿ ಭೂಕಂಪವಾಯಿತು. ಕವರ್ಟ್ ಅಲ್ಲಿಗೂ ಹೋದರು. ಬದುಕುಳಿದವರಿಗೆ ಏನು ಹೇಳುವುದಿದೆಯೋ ಅದನ್ನು ಅವಶೇಷಗಳ ಮೇಲೇ ಬರೆಯಲು ಹೇಳಿ, ಅದರೊಂದಿಗೆ ಅವರನ್ನು ನಿಲ್ಲಿಸಿ ತೆಗೆದರು. ಲೋಕ ನೋಡಲೆಂದು ತೆಗೆದ ಚಿತ್ರಗಳೇ ಅವೂ, ಆದರೆ ಅಡಿಬರಹ ಮಾತ್ರ ಚಿತ್ರದಲ್ಲಿದ್ದವರದೇ.

ಅಡಿಬರಹ ಯಾರದು ಎಂಬ ಪ್ರಶ್ನೆ ಸಣ್ಣದಲ್ಲ. ನಮ್ಮ ನಾಡಿನ ವಿಪತ್ತುಗಳ ಫೋಟೊಗಳಿಗೆ ದೊಡ್ಡ ಇತಿಹಾಸವಿದೆ, ಅದೇನೂ ಹೆಮ್ಮೆಯದಲ್ಲ. 1876ರಿಂದ 78ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮದರಾಸು ಸೇನೆಯ ಅಧಿಕಾರಿ ವಿಲೋಬಿ ವಾಲೇಸ್ ಹೂಪರ್ ಎಲುಬಿನ ಗೂಡಾದವರನ್ನು ಕುಟುಂಬ ಕುಟುಂಬವಾಗಿ ಕೂರಿಸಿ ಚಿತ್ರ ತೆಗೆದ. ಕೂರಿಸಿದ ರೀತಿ ಸ್ಟುಡಿಯೋದ್ದೇ: ಹಿರಿಯರು ನಡುವೆ, ಮಕ್ಕಳು ಮುಂದೆ. ಅವು ಲಂಡನ್ನಿನವರ ಕಣ್ಣಿಗೆ ಹೋದವು, ಕೂತವರ ಕೈಗೆ ಒಂದೂ ಬರಲಿಲ್ಲ. ಚಿತ್ರ ತೆಗೆದವನು ಅವರಿಗೆ ಒಂದು ಹಿಡಿ ಅನ್ನ ಕೊಟ್ಟನೇ ಎಂಬ ಪ್ರಶ್ನೆ ಇಂದಿಗೂ ಅವನ ಬೆನ್ನು ಬಿಟ್ಟಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರೂ ಮುಂದೆ ಕ್ಯಾಮೆರಾ ಹಿಡಿದರು. ಅವರ ಹಳೆಯ ಚಿತ್ರಗಳ ದೊಡ್ಡ ಭಂಡಾರ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ಅದರಲ್ಲಿ ನಮ್ಮವರ ಕುಟುಂಬಗಳೂ ಇವೆ, ಎಷ್ಟೋ ಕಡೆ ಹೆಸರಿಲ್ಲದೆ.

ದೂರದವರನ್ನು ಬೈದು ಪ್ರಯೋಜನವಿಲ್ಲ. ಪರಿಹಾರ ಕೇಂದ್ರದಲ್ಲಿ ಇಂದಿಗೂ ಮೊದಲು ತೆಗೆಯುವ ಫೋಟೊ ಕಿಟ್ಟಿನದು. ಎಡಕ್ಕೆ ಕೊಡುವ ಐವರು, ಬಲಕ್ಕೆ ಪಡೆಯುವ ಒಬ್ಬಳು, ನಡುವೆ ಅಕ್ಕಿಚೀಲ, ಹಿಂದೆ ಬ್ಯಾನರ್. ಕೊಡುವವರು ಕ್ಯಾಮೆರಾ ನೋಡುತ್ತಾರೆ, ಪಡೆಯುವವಳು ನೆಲ ನೋಡುತ್ತಾಳೆ. ಅಂಥ ಫೋಟೊಗಳಿಗೆ ನಾನೂ ಅಡಿಬರಹ ಬರೆದವನೇ. ಐದು ಹೆಸರು ಬರೆದು ಕೊನೆಗೆ ‘ಮತ್ತಿತರರು’ ಎಂದು ಸೇರಿಸಿದ್ದೇನೆ. ಆ ಮತ್ತಿತರರೇ ಆ ಹೆಂಗಸು. ಲೆಕ್ಕಪತ್ರಕ್ಕೆ ಇಂಥ ಫೋಟೊ ಬೇಕು ಎನ್ನುವುದೂ ನಿಜ. 1974ರಲ್ಲಿ ಶುರುವಾದ ಮಂಗಳೂರು ಧರ್ಮಪ್ರಾಂತ್ಯದ ಸಿಒಡಿಪಿಯಂಥ ಸಂಸ್ಥೆ ಇರಲಿ, ಊರಿನ ಯುವಕ ಮಂಡಲವಿರಲಿ, ಹಣ ಕೊಟ್ಟವರಿಗೆ ಏನಾದರೂ ತೋರಿಸಬೇಕಲ್ಲ. ಆದರೆ ಅದೇ ಕ್ಯಾಮೆರಾವನ್ನು ಒಮ್ಮೆ ಆ ಮನೆಯವರಿಗಾಗಿಯೂ ತಿರುಗಿಸಬಹುದಿತ್ತು.

ಇದು ಇಗರ್ಜಿಯ ಕೆಲಸ ಎಂಬುದಕ್ಕೆ ಆಧಾರ ಅದರ ಗೋಡೆಯಲ್ಲೇ ಇದೆ. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿ ನಡೆಯುವವರು ಆರನೆಯ ಸ್ಥಳದಲ್ಲಿ ವೆರೋನಿಕಾಳ ಮುಂದೆ ನಿಲ್ಲುತ್ತಾರೆ. ಸುವಾರ್ತೆಗಳಲ್ಲಿ ಅವಳ ಹೆಸರಿಲ್ಲ, ಪರಂಪರೆಯಿಂದ ಬಂದವಳು. ಶಿಲುಬೆ ಹೊತ್ತವನನ್ನು ಬಿಡಿಸುವ ಶಕ್ತಿ ಅವಳಿಗಿಲ್ಲ. ರಕ್ತ, ಬೆವರು, ಧೂಳು ಮೆತ್ತಿದ ಮುಖವನ್ನು ಒರೆಸುತ್ತಾಳೆ, ಅಷ್ಟೇ. ಬಟ್ಟೆಯಲ್ಲಿ ಆ ಮುಖ ಉಳಿಯುತ್ತದೆ. ಕೆಸರು ತೊಳೆದು ಮುಖ ಉಳಿಸುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಕತೆ ನನಗಂತೂ ಗೊತ್ತಿಲ್ಲ.

ಇನ್ನೊಂದು ಮಾದರಿ ನಮ್ಮಲ್ಲೇ ಇದೆ, ಯಾರೂ ಅದನ್ನು ಈ ಕಣ್ಣಿನಿಂದ ನೋಡಿಲ್ಲ. ನೆಲ್ಯಾಡಿ, ಕಡಬ, ಸುಳ್ಯದ ಗುಡ್ಡಗಳಿಗೆ ಕೇರಳದಿಂದ ಬಂದು ರಬ್ಬರು, ಕಾಳುಮೆಣಸು ಹಾಕಿದ ಕ್ರೈಸ್ತರು ತಮ್ಮ ಇಗರ್ಜಿಗಳನ್ನೂ ತಂದರು. ಮಲಂಕರ ಕಥೋಲಿಕರಿಗೆ 2010ರಲ್ಲಿ ಪುತ್ತೂರೇ ಧರ್ಮಪ್ರಾಂತ್ಯದ ಕೇಂದ್ರವಾಯಿತು. ಕೇರಳ ಮೂಲದ ಇಗರ್ಜಿಗಳಲ್ಲಿ ಡೈರೆಕ್ಟರಿ ಅಚ್ಚು ಹಾಕಿಸುವ ರೂಢಿಯಿದೆ. ಒಂದೊಂದು ಮನೆಗೆ ಒಂದೊಂದು ಚೌಕ, ಅದರಲ್ಲಿ ಮನೆಹೆಸರು, ಎಲ್ಲರ ಹೆಸರು, ಮೇಲೆ ಕುಟುಂಬದ ಫೋಟೊ. ಫೋನ್ ನಂಬರಿಗೆಂದು ಮಾಡಿದ ಪುಸ್ತಕ ಅದು. ಆದರೆ ಇನ್ನೂರು ಮನೆಯ ಇಗರ್ಜಿಯಲ್ಲಿ ಒಂದು ಮನೆ ಮಣ್ಣಡಿಗೆ ಹೋದರೂ ಆ ಮನೆಯವರ ಮುಖಗಳು ಉಳಿದ ನೂರತೊಂಬತ್ತೊಂಬತ್ತು ಕಪಾಟುಗಳಲ್ಲಿ ಇರುತ್ತವೆ. ಮುಖ ಕಳೆದುಕೊಳ್ಳುವುದೆಂದರೇನು ಎಂದು 2024ರ ಜುಲೈ 30ರ ಗುಡ್ಡ ಕುಸಿತದ ನಂತರ ವಯನಾಡು ತೋರಿಸಿತು. ಮುಂಡಕ್ಕೈ, ಚೂರಲ್‌ಮಲದಲ್ಲಿ ಸತ್ತವರಲ್ಲಿ ಗುರುತು ಸಿಗದವರನ್ನು ಪುತ್ತುಮಲದಲ್ಲಿ ಎಲ್ಲ ಮತಗಳ ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿದಾಗ ಕಲ್ಲಿನ ಮೇಲೆ ಬರೆದದ್ದು ಹೆಸರಲ್ಲ, ಡಿಎನ್‌ಎ ಮಾದರಿಯ ಸಂಖ್ಯೆ.

ಮನೆ ಕಳೆದುಕೊಂಡವರಿಗೆ ಫೋಟೊ ತೆಗೆದುಕೊಡುವ ಕೆಲಸಕ್ಕೆ ಇಳಿಯುವವರಿಗೆ ಒಂದೆರಡು ಎಚ್ಚರಿಕೆ. ಕೇಂದ್ರದಲ್ಲಿ ಗಂಜಿ ಕುಡಿಯುತ್ತ ಕೂತವರನ್ನು ಸಾಲಾಗಿ ನಿಲ್ಲಿಸಬೇಡಿ. ಮನೆ ಕಟ್ಟಿ, ಅಥವಾ ಬಾಡಿಗೆ ಮನೆಯಲ್ಲಿ ಒಲೆ ಹೊತ್ತಿಸಿ, ತಾವಾಗಿ ‘ಬನ್ನಿ’ ಎನ್ನುವವರೆಗೆ ಕಾಯಬೇಕು. ಒಂದು ಕನ್ನಡಿ, ಬಾಚಣಿಗೆ, ಇಸ್ತ್ರಿಪೆಟ್ಟಿಗೆ ಜೊತೆಗಿರಲಿ. ಲೈಟಿಗಿಂತ ಅವು ಮುಖ್ಯ. ನಗಿ ಎಂದು ಹೇಳಲೇಬಾರದು. ಒಬ್ಬರನ್ನು ಕಳೆದುಕೊಂಡ ಮನೆಯವರು ನಡುವೆ ಜಾಗ ಬಿಟ್ಟು ನಿಂತರೆ ‘ಸ್ವಲ್ಪ ಹತ್ತಿರ ಬನ್ನಿ’ ಎನ್ನಬಾರದು. ಮೂವರೇ ನಿಂತು ತೆಗೆಸಬಾರದು ಎಂಬ ಹಳೆಯ ಹೆದರಿಕೆ ಕೆಲವರಿಗೆ ಇನ್ನೂ ಇದೆ, ಮಡಿಲಿಗೆ ಪಕ್ಕದ ಮನೆಯ ಮಗುವನ್ನು ಕೂರಿಸಿಕೊಂಡರೆ ತೆಗೆದವನ ಗಂಟೇನೂ ಹೋಗುವುದಿಲ್ಲ. ಗೋಡೆಗೆ ಚಿತ್ರ ತೂಗುವುದನ್ನು ಒಪ್ಪದ ಮುಸ್ಲಿಂ ಮನೆಗಳೂ ಇವೆ, ಮೊದಲೇ ಕೇಳಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಚೌಕಟ್ಟಿನ ಹಿಂದೆ ಕರಪತ್ರ ಅಂಟಿಸಬಾರದು. ನಮ್ಮ ಜಿಲ್ಲೆಯಲ್ಲಿ ಅದರಿಂದಾಗುವ ಗಲಾಟೆಗೆ ಹೆದರಿ ಹೇಳುವ ಮಾತಲ್ಲ ಇದು. ಷರತ್ತು ಹಾಕಿ ಕೊಟ್ಟದ್ದು ಕೊಡುಗೆಯಲ್ಲ, ಮುಂಗಡ. ಪಳ್ಳತ್ತಡ್ಕದ ಹಿಂದೂ ಮನೆಗೆ ಇಗರ್ಜಿಯ ಹುಡುಗರು ಫೋಟೊ ಕೊಟ್ಟು, ಚಾ ಕುಡಿದು ಬಂದರೆ ಸುವಾರ್ತೆ ಅಷ್ಟರಲ್ಲೇ ಮುಗಿಯಿತು.

ಕೆಲಸಗಾರರಿಗೆ ಕೊರತೆಯಿಲ್ಲ. ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ನಿಗೆ ಪುತ್ತೂರು, ಸುಳ್ಯದಲ್ಲೂ ವಲಯಗಳಿವೆ. ಮಳೆಗಾಲದಲ್ಲಿ ಮದುವೆ ಕಡಿಮೆ, ಕ್ಯಾಮೆರಾಗಳು ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತ ಕೂತಿರುತ್ತವೆ. ವಿಶ್ವ ಛಾಯಾಗ್ರಹಣ ದಿನ ಬರುವುದೂ ಆಗಸ್ಟ್ 19ಕ್ಕೆ. ಜೋಡುಪಾಲದ ಗುಡ್ಡ ಜರಿದದ್ದು ಅದೇ ವಾರ. ಇನ್ನು ಇಗರ್ಜಿಯ ಒಂದೊಂದು ವಾರ್ಡಿನ ಮುಖಂಡರಾದ ಗುರ್ಕಾರರಿಗೆ ಯಾವ ಮನೆಯಲ್ಲಿ ಏನು ಹೋಗಿದೆ, ಯಾರ ಮುದುಕಿಯ ಒಂದೂ ಫೋಟೊ ಉಳಿದಿಲ್ಲ ಎಂಬುದೆಲ್ಲ ಬಾಯಿಪಾಠ. ಬೇಕಾಗಿರುವುದು ಈ ಛಾಯಾಗ್ರಾಹಕರನ್ನೂ ಗುರ್ಕಾರರನ್ನೂ ಒಂದು ಸಂಜೆ ಒಟ್ಟಿಗೆ ಕೂರಿಸುವುದು ಮಾತ್ರ.

ದಿನವನ್ನೂ ಹುಡುಕಬೇಕಾಗಿಲ್ಲ. ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಅಂದು ಹೊಸ ತೆನೆಯನ್ನು ಇಗರ್ಜಿಯಿಂದ ಮನೆಗೆ ತಂದು, ಭತ್ತದ ಕಾಳು ಬಿಡಿಸಿ ಅರೆದು ತೆಂಗಿನ ಹಾಲಿಗೆ ಹಾಕಿ, ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಊರಲ್ಲಿರುವ ಮಕ್ಕಳು ಮೊಮ್ಮಕ್ಕಳೆಲ್ಲ ಒಂದೇ ಚಾವಡಿಯಲ್ಲಿ ಸಿಗುವುದು ಆ ಮಧ್ಯಾಹ್ನವೇ. ಊಟಕ್ಕೆ ಕೂರುವ ಮೊದಲು ಅಂಗಳಕ್ಕೆ ಬೆಂಚು ಎಳೆದು ಒಂದು ಫೋಟೊ ತೆಗೆಸಿ, ಮೊಬೈಲಿನಲ್ಲಿ ಬಿಡದೆ ಪ್ರಿಂಟ್ ಹಾಕಿಸಿ. ಹಿಂದೆ ಎಲ್ಲರ ಹೆಸರು, ತಾರೀಕು ಪೆನ್ಸಿಲಿನಲ್ಲಿ ಬರೆಯಿರಿ. ಮೂರು ಪ್ರತಿ ಬೇಕು: ಒಂದು ನಿಮ್ಮ ಗೋಡೆಗೆ, ಒಂದು ಇಗರ್ಜಿಯ ಕಪಾಟಿಗೆ, ಒಂದು ಹೊಳೆಯಾಚೆ ಎತ್ತರದಲ್ಲಿ ಮನೆಯಿರುವ ನೆಂಟರಿಗೆ.