ಮನೆಯ ಚಿತ್ರಭಂಡಾರ

ಆಳಂದದ ನಮ್ಮ ಮನೆಯ ಹಾರ್ಡ್ ಡಿಸ್ಕಿನಲ್ಲಿ ಅಫಜಲಪುರ, ಜೇವರ್ಗಿಗಳ ಬಂಧುಗಳ ವಿವಾಹಚಿತ್ರಗಳು ರಾಶಿಯಾಗಿದ್ದುವು. ದಿವಂಗತರಾದ ಮಾತೃಶ್ರೀಯವರು ಸೋಬಾನೆ ಹಾಡಿದುದು ಯಾವುದರಲ್ಲಿದೆಯೆಂಬುದೇ ತಿಳಿಯದು. ಎರಡು ತಂತ್ರಾಂಶಗಳು ಬೇಕೆಂದು ಮೊಮ್ಮಗನು ಹೇಳಲು ನಾವು ನಕ್ಕೆವು; ಒಂದು ಸಾಲದೆ? ಸಾಲದು. 2018ರಲ್ಲಿ ಎಂಬಿಯಿಂದ ಕವಲೊಡೆದ ಜೆಲ್ಲಿಫಿನ್ ಉಗ್ರಾಣಿಕನಂತೆ: ಮನೆಯ ಕಂಪ್ಯೂಟರಿನಲ್ಲಿದ್ದು ಪಟ್ಟಿಯನ್ನೂ, ನೋಡುವವರು ಎಲ್ಲಿಗೆ ನಿಲ್ಲಿಸಿದರೆಂಬ ಲೆಕ್ಕವನ್ನೂ ಇಡುವುದು. 2014ರವರೆಗೆ ಎಕ್ಸ್‌ಬಿಎಂಸಿ ಎನಿಸಿದ್ದ ಕೋಡಿಯಾದರೋ ಟಿ.ವಿ.ಯ ಬಳಿ ನಿಂತು ಬಡಿಸುವುದು. ಕೋಡಿಯೊಳಗೆ ಜೆಲ್ಲಿಫಿನ್ನಿನ ಜೋಡಣೆಯನ್ನು ಹಾಕಿದರೆ ಆ ಪಟ್ಟಿಯೆಲ್ಲ ಅಲ್ಲಿಗಿಳಿಯುವುದು. ಊರಿನ ಅಂತರ್ಜಾಲ ಕಡಿದರೂ ಮನೆಯೊಳಗಣ ವೈಫೈ ಸಾಕು. ನಾಮಕರಣವು ಮಾತ್ರ ನಮ್ಮ ಪಾಲಿನದು. ಸಿನಿಮಾಗಳಿಗೆ ಹೆಸರು ತಾನಾಗಿ ದೊರೆಯುವುದು, ನಮ್ಮ ಅತ್ತೆ ಮಾವಂದಿರಿಗೆ ದೊರೆಯದು. ಹದಿನೈದು ದಿನ ಕುಳಿತು ಬರೆದೆವು, ಸೋಬಾನೆ ಸಿಕ್ಕಿತು. ಮೊನ್ನೆ ಜೇವರ್ಗಿಯ ತಂಗಿಯು ಪಡಸಾಲೆಯಲ್ಲಿ ಅದನ್ನು ಅರ್ಧ ಕೇಳಿ, ಕಣ್ಣೊರಸಿಕೊಂಡು ನಿಲ್ಲಿಸಿದಳು. ರಾತ್ರಿ ಒಳಕೋಣೆಯಲ್ಲಿ, ಫೋನಿನಲ್ಲಿ, ನಿಂತ ನುಡಿಯಿಂದಲೇ ಮತ್ತೆ ಹಚ್ಚಿದಳು.