ಮೊದಲ ಉತ್ತರದಲ್ಲೇ ಇದೆ ಎರಡನೆಯ ಪ್ರಶ್ನೆ

‘ನಿಮ್ಮ ಬಗ್ಗೆ ಸ್ವಲ್ಪ ಹೇಳಿ.’ ಕೆಲಸದ ಸಂದರ್ಶನ ಬಹುಪಾಲು ಶುರುವಾಗುವುದೇ ಈ ಮಾತಿನಿಂದ. ಕೇಳುವವರ ಮುಂದೆ ಅಭ್ಯರ್ಥಿಯ ಬಯೋಡೇಟಾ ಬಿಚ್ಚಿಕೊಂಡೇ ಇರುತ್ತದೆ. ಹೆಸರು, ಊರು, ಓದಿದ ಕಾಲೇಜು, ಪಡೆದ ಅಂಕ ಎಲ್ಲವೂ ಅದರಲ್ಲಿದೆ. ಆದರೂ ಅವರು ಕೇಳುತ್ತಾರೆ, ಇವರು ಅದನ್ನೇ ಮತ್ತೊಮ್ಮೆ ಒಪ್ಪಿಸುತ್ತಾರೆ. ಬೆಂಗಳೂರಿನ ಐಟಿ ಕಂಪನಿಯಿರಲಿ, ಹುಬ್ಬಳ್ಳಿಯ ಕ್ಯಾಂಪಸ್ ಆಯ್ಕೆಯಿರಲಿ, ಹೊಸದಾಗಿ ಪದವಿ ಮುಗಿಸಿದವರ ಉತ್ತರದ ಧಾಟಿ ಹೆಚ್ಚುಕಡಿಮೆ ಒಂದೇ: ಹೆಸರು ಇಂಥದ್ದು, ಊರು ಇಂಥದ್ದು, ತಂದೆ ರೈತರು, ತಾಯಿ ಗೃಹಿಣಿ, ಹವ್ಯಾಸ ಕ್ರಿಕೆಟ್ ಮತ್ತು ಹಾಡು ಕೇಳುವುದು, ನನ್ನ ದೊಡ್ಡ ಶಕ್ತಿ ಕಠಿಣ ಪರಿಶ್ರಮ.

ಈ ಒಂದೂವರೆ ನಿಮಿಷ ಕೇಳುತ್ತ ಕುಳಿತವರ ಮನಸ್ಸಿನಲ್ಲಿ ಏನು ನಡೆಯುತ್ತದೆ? ಮನೋವಿಜ್ಞಾನಿಗಳು ಇದನ್ನು ಸುಮಾರು ನೂರು ವರ್ಷಗಳಿಂದ ಕೆದಕುತ್ತ ಬಂದಿದ್ದಾರೆ. ಅವರು ಕಂಡುಕೊಂಡಿದ್ದರಲ್ಲಿ ಕೆಲವು ಅಭ್ಯರ್ಥಿಗೆ ನೆರವಾಗುತ್ತವೆ, ಕೆಲವು ಸಂದರ್ಶಕರನ್ನು ಮುಜುಗರಕ್ಕೆ ಈಡುಮಾಡುತ್ತವೆ.

ಕಣ್ಣು ಮಿಟುಕಿಸುವಷ್ಟರಲ್ಲಿ

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಪರಿಚಿತರ ಮುಖದ ಚಿತ್ರಗಳನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿ, ಈ ವ್ಯಕ್ತಿ ನಂಬಿಕಸ್ಥನೇ, ಸಮರ್ಥನೇ ಎಂದು ಕೇಳಿದರು. ಬಂದ ತೀರ್ಪುಗಳು, ಸಮಯದ ಮಿತಿಯಿಲ್ಲದೆ ನೋಡಿದವರ ತೀರ್ಪುಗಳಿಗೆ ಚೆನ್ನಾಗಿ ಹೊಂದುತ್ತಿದ್ದವು. ನೋಡುವ ಸಮಯವನ್ನು ಒಂದು ಸೆಕೆಂಡಿಗೆ ಏರಿಸಿದಾಗ ತೀರ್ಪು ಹೆಚ್ಚೇನೂ ಬದಲಾಗಲಿಲ್ಲ. ‘ನಾನು ಹೇಳಿದ್ದು ಸರಿ’ ಎಂಬ ವಿಶ್ವಾಸ ಮಾತ್ರ ಏರಿತು. ಆ ತೀರ್ಪುಗಳು ನಿಜವೇ ಎಂಬುದು ಬೇರೆ ಪ್ರಶ್ನೆ. ಮುಖ ನೋಡಿ ನಂಬಿಕೆ ಅಳೆಯುವುದರಲ್ಲಿ ನಾವೆಲ್ಲ ಬೇಗ ಒಂದೇ ನಿರ್ಧಾರಕ್ಕೆ ಬರುತ್ತೇವೆ ಎಂದಷ್ಟೇ ಈ ಪ್ರಯೋಗ ಹೇಳುತ್ತದೆ.

ಮಾತಿನ ವಿಷಯದಲ್ಲೂ ಮೊದಲು ಬಂದದ್ದಕ್ಕೆ ತೂಕ ಹೆಚ್ಚು. ಸಾಲಮನ್ ಆ್ಯಶ್ 1946ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳವಾದದ್ದು. ಒಬ್ಬ ವ್ಯಕ್ತಿಯ ವರ್ಣನೆಯೆಂದು ಆರು ಗುಣಗಳನ್ನು ಓದಿ ಹೇಳಿದರು: ಬುದ್ಧಿವಂತ, ಶ್ರಮಜೀವಿ, ದುಡುಕಿನವ, ತಪ್ಪು ಹುಡುಕುವವ, ಹಟಮಾರಿ, ಹೊಟ್ಟೆಕಿಚ್ಚಿನವ. ಇನ್ನೊಂದು ಗುಂಪಿಗೆ ಇದೇ ಆರು ಪದಗಳನ್ನು ಕೊನೆಯಿಂದ ಮೊದಲಿಗೆ ಓದಿದರು. ಮೊದಲ ಗುಂಪಿಗೆ ಕಂಡದ್ದು ಕೆಲವು ಕೊರತೆಗಳಿರುವ ಸಮರ್ಥ ವ್ಯಕ್ತಿ. ಎರಡನೆಯ ಗುಂಪಿಗೆ ಕಂಡದ್ದು ಕೊರತೆಗಳಿಂದಾಗಿ ಸಾಮರ್ಥ್ಯ ಹಾಳುಮಾಡಿಕೊಂಡ ವ್ಯಕ್ತಿ. ಮೊದಲು ಕೇಳಿದ ಪದ ಮುಂದಿನ ಪದಗಳ ಅರ್ಥವನ್ನೇ ತಿದ್ದಿತ್ತು. ಬುದ್ಧಿವಂತನ ಹಟ ದೃಢನಿಲುವಾಗಿ ಕಾಣುತ್ತದೆ, ಹೊಟ್ಟೆಕಿಚ್ಚಿನವನ ಬುದ್ಧಿ ಕುತಂತ್ರವಾಗಿ ಕಾಣುತ್ತದೆ.

ಒಂದು ಗುಣದ ಹೊಳಪು ಉಳಿದ ಗುಣಗಳ ಮೇಲೂ ಬೀಳುವುದನ್ನು ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿ, ಅದಕ್ಕೆ ಪ್ರಭಾವಲಯದ ಹೆಸರು ಕೊಟ್ಟಿದ್ದರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಲ್ಲಕ್ಕೂ ಬೇರೆಬೇರೆ ಅಂಕ ಕೊಡಬೇಕಿತ್ತು. ಒಂದರಲ್ಲಿ ಹೆಚ್ಚು ಪಡೆದವರು ಎಲ್ಲದರಲ್ಲೂ ಹೆಚ್ಚು ಪಡೆದಿದ್ದರು, ನಂಬಲಾಗದಷ್ಟು ಮಟ್ಟಿಗೆ.

ಹಾಗೆಂದು ಮೊದಲ ನಿಮಿಷದಲ್ಲೇ ಎಲ್ಲ ಮುಗಿದುಹೋಗುತ್ತದೆ ಎನ್ನುವಂತಿಲ್ಲ. ಸಂದರ್ಶಕರು ನಾಲ್ಕು ನಿಮಿಷದಲ್ಲಿ ತೀರ್ಮಾನಿಸಿಬಿಡುತ್ತಾರೆ ಎಂಬ ಮಾತು 1950ರ ದಶಕದ ಕೆನಡಾದ ಒಂದು ಅಧ್ಯಯನದಿಂದ ಹುಟ್ಟಿ ಇಂದಿಗೂ ಓಡಾಡುತ್ತಿದೆ. 2016ರಲ್ಲಿ ನೂರಾರು ಸಂದರ್ಶನಗಳನ್ನು ಪರಿಶೀಲಿಸಿದ ಅಮೆರಿಕದ ಸಂಶೋಧಕರಿಗೆ ಕಂಡದ್ದು ಬೇರೆ: ಬಹುಪಾಲು ಸಂದರ್ಶಕರು ಮೊದಲ ಐದು ನಿಮಿಷ ದಾಟಿದ ಮೇಲೆಯೇ ತೀರ್ಮಾನಕ್ಕೆ ಬಂದಿದ್ದರು. ಮೊದಲ ನಿಮಿಷದಲ್ಲಿ ಹುಟ್ಟುವುದು ಒಂದು ಊಹೆ. ಮುಂದಿನ ಅರ್ಧ ಗಂಟೆ ಆ ಊಹೆಯ ಬೆನ್ನು ಹತ್ತಿ ನಡೆಯುತ್ತದೆ.

ಊಹೆಯೇ ಉತ್ತರವನ್ನು ರೂಪಿಸಿದಾಗ

ಈ ಬೆನ್ನು ಹತ್ತುವಿಕೆಯನ್ನು ಮಾರ್ಕ್ ಸ್ನೈಡರ್ ಮತ್ತು ಸಂಗಡಿಗರು 1977ರಲ್ಲಿ ಸೊಗಸಾಗಿ ತೋರಿಸಿದರು. ಕೆಲವು ಯುವಕರಿಗೆ, ಅಪರಿಚಿತ ಯುವತಿಯೊಬ್ಬಳೊಡನೆ ಫೋನಿನಲ್ಲಿ ಮಾತನಾಡಿ ಎಂದು ಹೇಳಿ ಒಂದು ಫೋಟೊ ಕೊಟ್ಟರು. ಫೋಟೊ ಆ ಯುವತಿಯದಲ್ಲ. ಕೆಲವರಿಗೆ ಸಿಕ್ಕಿದ್ದು ಚೆಲುವೆಯ ಫೋಟೊ, ಉಳಿದವರಿಗೆ ಸಿಕ್ಕಿದ್ದು ಸಾಧಾರಣ ರೂಪಿನವಳದು. ಫೋಟೊದ ವಿಷಯ ತಿಳಿಯದ ಬೇರೆ ಜನ ಆಮೇಲೆ ಯುವತಿಯರ ಧ್ವನಿಯನ್ನಷ್ಟೇ ಕೇಳಿ ಅಂಕ ಕೊಟ್ಟರು. ಚೆಲುವೆಯೆಂದು ಭಾವಿಸಲ್ಪಟ್ಟ ಯುವತಿಯರು ನಿಜಕ್ಕೂ ಹೆಚ್ಚು ಆತ್ಮೀಯವಾಗಿ, ಹೆಚ್ಚು ಸರಾಗವಾಗಿ ಮಾತನಾಡಿದ್ದರು. ಆ ಕಡೆಯವನ ಊಹೆ ಅವನ ಧ್ವನಿಯಲ್ಲಿ ಇಳಿದು, ಈ ಕಡೆಯವಳ ನಡವಳಿಕೆಯಾಗಿ ಮರಳಿತ್ತು.

ಸಂದರ್ಶನದ ಕೋಣೆಯಲ್ಲಿ ಇದರ ಕಹಿ ರೂಪವನ್ನು 1974ರಲ್ಲಿ ಪ್ರಿನ್ಸ್‌ಟನ್‌ನ ಮೂವರು ಸಂಶೋಧಕರು ದಾಖಲಿಸಿದ್ದರು. ಬಿಳಿಯ ಸಂದರ್ಶಕರು ಕಪ್ಪು ಅಭ್ಯರ್ಥಿಗಳಿಂದ ಸ್ವಲ್ಪ ದೂರ ಕೂರುತ್ತಿದ್ದರು, ಬೇಗ ಮುಗಿಸುತ್ತಿದ್ದರು, ಮಾತಿನಲ್ಲಿ ಹೆಚ್ಚು ತಡವರಿಸುತ್ತಿದ್ದರು. ಆಮೇಲೆ ಸಂದರ್ಶಕರಿಗೆ ತರಬೇತಿ ಕೊಟ್ಟು, ಬಿಳಿಯ ಅಭ್ಯರ್ಥಿಗಳೊಡನೆಯೇ ಹಾಗೆ ನಡೆದುಕೊಳ್ಳುವಂತೆ ಮಾಡಿದರು. ಆ ಅಭ್ಯರ್ಥಿಗಳೂ ಹೆದರಿದರು, ಕಳಪೆಯಾಗಿ ಉತ್ತರಿಸಿದರು. ಕೊರತೆ ಇದ್ದದ್ದು ಅಭ್ಯರ್ಥಿಯಲ್ಲಲ್ಲ, ಎದುರಿನ ಕುರ್ಚಿಯಲ್ಲಿ.

ಹೀಗಾಗಿ ಪರಿಚಯದ ಕೆಲಸ ನಮ್ಮ ಬದುಕಿನ ಸಾರಾಂಶ ಹೇಳುವುದಲ್ಲ. ಸಂದರ್ಶಕರು ಬೆನ್ನು ಹತ್ತಬಹುದಾದ ಒಂದು ಒಳ್ಳೆಯ ಊಹೆಯನ್ನು, ಪರೀಕ್ಷಿಸಿ ನೋಡಲು ಬರುವಂಥ ಊಹೆಯನ್ನು, ಅವರ ಕೈಗೆ ಕೊಡುವುದು. ಮುಖದ ಮೇಲೆ, ಬಣ್ಣದ ಮೇಲೆ ನಮ್ಮ ಹಿಡಿತವಿಲ್ಲ. ಎರಡನೆಯ ಪ್ರಶ್ನೆ ಯಾವುದಾಗಬೇಕು ಎಂಬುದರ ಮೇಲೆ ತಕ್ಕಮಟ್ಟಿಗೆ ಇದೆ.

ತಾಳೆ ನೋಡುವ ಹುಡುಗಿ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ದಾವಣಗೆರೆಯ ಬಿ.ಕಾಂ. ಪದವೀಧರೆಯೊಬ್ಬಳು ಕಂಪನಿಯೊಂದರ ಅಕೌಂಟ್ಸ್ ವಿಭಾಗಕ್ಕೆ ಅರ್ಜಿ ಹಾಕಿದ್ದಾಳೆ. ‘ನಾನು ಶ್ರಮಜೀವಿ, ಬೇಗ ಕಲಿಯುತ್ತೇನೆ, ಎಲ್ಲರೊಡನೆ ಹೊಂದಿಕೊಂಡು ಹೋಗುತ್ತೇನೆ’ ಎಂದರೆ ಸಂದರ್ಶಕರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಆಗ ಅವರು ತಮಗೆ ತೋಚಿದ್ದನ್ನು ಕೇಳುತ್ತಾರೆ. ಅವಳೇ ಹೀಗೆ ಹೇಳಿದರೆ?

‘ಸರ್, ನಾನು ಒಂದು ವರ್ಷದಿಂದ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಕೆಲಸ ಮಾಡ್ತಿದ್ದೀನಿ. ಹನ್ನೆರಡು ಅಂಗಡಿಗಳ ಖರೀದಿ ಬಿಲ್‌ಗಳನ್ನ ಟ್ಯಾಲಿ ಸಾಫ್ಟ್‌ವೇರಿಗೆ ಹಾಕಿ, ತಿಂಗಳು ತಿಂಗಳು ಜಿಎಸ್‌ಟಿಆರ್-2ಬಿ ಪಟ್ಟಿ ಜೊತೆ ತಾಳೆ ನೋಡೋದು ನನ್ನ ಜವಾಬ್ದಾರಿ. ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸದೆ ಬಿಟ್ಟ ಬಿಲ್‌ಗಳನ್ನ ಪಟ್ಟಿ ಮಾಡಿ, ಅವರಿಗೆ ಫೋನ್ ಮಾಡಿ ಸರಿಮಾಡಿಸ್ತೀನಿ. ಇಲ್ಲದಿದ್ರೆ ನಮ್ಮ ಅಂಗಡಿಯವರಿಗೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. ನಿಮ್ಮಲ್ಲಿ ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿದೆ, ಅದನ್ನ ಕಲೀಬೇಕು ಅಂತ ಬಂದಿದ್ದೀನಿ.’

ಅರ್ಧ ನಿಮಿಷದ ಮಾತು. ‘ಶ್ರಮಜೀವಿ’ ಎಂಬ ಪದ ಎಲ್ಲೂ ಇಲ್ಲ, ಆದರೆ ಕೇಳುವವರು ತಾವೇ ಆ ಪದಕ್ಕೆ ಬಂದು ನಿಲ್ಲುತ್ತಾರೆ. ಮುಂದಿನ ಪ್ರಶ್ನೆ ಬಹುಶಃ ‘ಬಿಲ್ ತಾಳೆಯಾಗದೆ, ಆ ಕಡೆಯವರು ಫೋನೂ ಎತ್ತದಿದ್ದರೆ ಏನು ಮಾಡ್ತೀರಿ?’ ಎಂದೇ ಬರುತ್ತದೆ. ಅದು ಅವಳು ದಿನವೂ ಎದುರಿಸುವ ಪ್ರಶ್ನೆ. ಈ ಪರಿಚಯ ನಿಜವಾಗಿರಬೇಕಾದ ಕಾರಣವೂ ಇಲ್ಲೇ ಇದೆ: ಹಿಡಿಕೆಯಿರುವ ಮಾತನ್ನು ಹಿಡಿದು ಜಗ್ಗುತ್ತಾರೆ. ಮಾಡದ ಕೆಲಸವಾದರೆ ಎರಡನೆಯ ಪ್ರಶ್ನೆಗೇ ಬಣ್ಣ ಬಯಲು.

ಈ ಉತ್ತರದಲ್ಲಿ ವಿಷಯ ಮೂರೇ: ಈಗ ಏನು ಮಾಡುತ್ತಿದ್ದೇನೆ, ಅದರಲ್ಲಿ ನನ್ನ ಕೈಯಿಂದ ಆದ ಒಂದು ಕೆಲಸ, ಇಲ್ಲಿಗೆ ಏಕೆ ಬಂದೆ. ಮೂರು ಸಾಕು ಎನ್ನಲು ಕಾರಣವಿದೆ. ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಏಳರ ಆಸುಪಾಸು ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಹತ್ತು ಸಂಗತಿ ಹೇಳಿದರೆ ಯಾವ ಮೂರು ಉಳಿಯಬೇಕೆಂಬ ಆಯ್ಕೆ ನಮ್ಮ ಕೈ ತಪ್ಪುತ್ತದೆ.

ಹಾಗಾದರೆ ತಂದೆ ರೈತರೆಂದು ಹೇಳಲೇಬಾರದೇ? ಹನಿ ನೀರಾವರಿ ಉಪಕರಣ ಮಾರುವ ಕಂಪನಿಗೆ ಹೋದವನು, ‘ನಮ್ಮ ಎರಡು ಎಕರೆ ಅಡಿಕೆ ತೋಟಕ್ಕೆ ಡ್ರಿಪ್ ಹಾಕಿಸಿದಾಗ ಫಿಲ್ಟರ್ ಕಟ್ಟಿಕೊಳ್ಳೋದನ್ನ ನಾನೇ ಬಿಚ್ಚಿ ತೊಳೀತಿದ್ದೆ’ ಎಂದರೆ ಅದೇ ಅವನ ಅತ್ಯುತ್ತಮ ಅನುಭವ. ಕೆಲಸಕ್ಕೆ ಸಂಬಂಧವಿಲ್ಲದ ಕಡೆ ಮಾತ್ರ ಅದು ಬಯೋಡೇಟಾದ ಸಾಲಾಗಿ ಉಳಿಯುತ್ತದೆ.

ತರಗತಿಗಳು ಕಲಿಸುವ ಪವಾಡಗಳು

ವ್ಯಕ್ತಿತ್ವ ವಿಕಸನದ ತರಬೇತಿಗಳಲ್ಲಿ ಪದೇಪದೇ ಕೇಳಿಬರುವ ಒಂದು ಲೆಕ್ಕವಿದೆ: ಸಂವಹನದಲ್ಲಿ ಪದಗಳ ಪಾಲು ಶೇ 7, ಧ್ವನಿಯದು ಶೇ 38, ಮುಖಭಾವ ಹಾಗೂ ದೇಹಭಾಷೆಯದು ಶೇ 55. ಇದರ ಮೂಲ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಅಧ್ಯಯನಗಳು. ಬಿಡಿ ಪದಗಳನ್ನು ಬೇರೆಬೇರೆ ಧ್ವನಿಯಲ್ಲಿ ಹೇಳಿಸಿ, ಹೇಳುವವರಿಗೆ ನಮ್ಮ ಮೇಲೆ ಪ್ರೀತಿಯೋ ಬೇಸರವೋ ಎಂದು ಊಹಿಸುವ ಪ್ರಯೋಗ ಅದು. ಭಾವನೆ ತಿಳಿಸುವ ಮಾತಿಗಷ್ಟೇ ಈ ಲೆಕ್ಕ ಅನ್ವಯ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಜಿಎಸ್‌ಟಿ ತಾಳೆಯ ಕತೆಯಲ್ಲಿ ಪದಗಳ ಪಾಲು ಶೇ 7 ಆಗಲು ಸಾಧ್ಯವೇ ಇಲ್ಲ.

ಮೈ ಹರಡಿಕೊಂಡ ಅಧಿಕಾರದ ಭಂಗಿಯಲ್ಲಿ ಎರಡು ನಿಮಿಷ ಇದ್ದರೆ ಹಾರ್ಮೋನು ಬದಲಾಗಿ ಧೈರ್ಯ ಬರುತ್ತದೆ ಎಂಬ 2010ರ ಅಧ್ಯಯನವೂ ಜಗತ್ತನ್ನು ಸುತ್ತಿತು. 2015ರಲ್ಲಿ ಐದು ಪಟ್ಟು ದೊಡ್ಡ ಗುಂಪಿನ ಮೇಲೆ ಅದನ್ನೇ ಮತ್ತೆ ನಡೆಸಿದಾಗ ಹಾರ್ಮೋನು ಬದಲಾಗಲಿಲ್ಲ. ಮರುವರ್ಷ ಮೂಲ ಅಧ್ಯಯನದ ಮೊದಲ ಲೇಖಕಿ ಡಾನಾ ಕಾರ್ನಿ, ತಮಗೇ ಇದರಲ್ಲಿ ನಂಬಿಕೆಯಿಲ್ಲ ಎಂದು ಬಹಿರಂಗವಾಗಿ ಹೇಳಿದರು.

ನಡುಕಕ್ಕೆ ಇದಕ್ಕಿಂತ ಗಟ್ಟಿಯಾದ ಮದ್ದು ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿದೆ. ನಮ್ಮ ಎದೆ ಹೊಡೆದುಕೊಳ್ಳುವುದು ಎದುರಿನವರಿಗೆ ಕಾಣುತ್ತಿದೆ ಎಂದು ನಾವು ಭಾವಿಸುತ್ತೇವೆ. ಅದು ನಾವು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಕಾಣುತ್ತದೆ. ಕೆನೆತ್ ಸವಿಟ್‌ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಭಾಷಣ ಮಾಡಲಿದ್ದ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಈ ಸಂಗತಿಯನ್ನು ಮೊದಲೇ ತಿಳಿಸಿದರು. ತಿಳಿದವರ ಭಾಷಣವೇ ಉತ್ತಮವಾಗಿತ್ತು ಎಂದು ಕೇಳಿದವರೂ ಹೇಳಿದರು. ಹೆದರಿಕೆ ಹೋಗಬೇಕಿಲ್ಲ, ಅದು ಕಾಣುತ್ತಿದೆ ಎಂಬ ಹೆದರಿಕೆ ಹೋದರೆ ಸಾಕು.

ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ಉತ್ತರಿಸಬೇಕಾದವರ ಕಷ್ಟ ಮಾತ್ರ ಬರೀ ಕಲ್ಪನೆಯಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಶಿರಿ ಲೆವ್-ಆರಿ ಮತ್ತು ಬೋಅಜ್ ಕೈಸರ್ 2010ರಲ್ಲಿ ತೋರಿಸಿದಂತೆ, ಕಿವಿಗೆ ಒಗ್ಗದ ಉಚ್ಚಾರದಲ್ಲಿ ಹೇಳಿದ ಸಾಮಾನ್ಯ ಜ್ಞಾನದ ಸಂಗತಿ ಕೇಳುವವರಿಗೆ ತುಸು ಕಡಿಮೆ ನಿಜವೆನಿಸುತ್ತದೆ. ಇದಕ್ಕೆ ದ್ವೇಷವೇ ಬೇಕಿಲ್ಲ. ಅರ್ಥಮಾಡಿಕೊಳ್ಳಲು ಪಡುವ ಶ್ರಮವನ್ನು ಮನಸ್ಸು ಅಪನಂಬಿಕೆಯೆಂದು ತಪ್ಪು ತಿಳಿಯುತ್ತದೆ. ಆದ್ದರಿಂದ ಆಮದು ಉಚ್ಚಾರಕ್ಕೆ ಹೆಣಗುವುದಕ್ಕಿಂತ ಕೇಳುವವರ ಶ್ರಮ ಇಳಿಸುವುದು ಜಾಣತನ: ಗಿಡ್ಡ ವಾಕ್ಯ, ನಿಧಾನದ ಮಾತು, ಸಂಖ್ಯೆ ಮತ್ತು ಹೆಸರು ಬಂದಾಗ ಒಂದು ಚಿಕ್ಕ ಬಿಡುವು. ಬಾಯಿಪಾಠ ಮಾಡಿದ ಉದ್ದ ವಾಕ್ಯ ಇದಕ್ಕೆ ತದ್ವಿರುದ್ಧ.

ಮೇಜಿನ ಆ ಕಡೆಯವರಿಗೆ

ಇಷ್ಟೆಲ್ಲ ಭಾರವನ್ನು ಅಭ್ಯರ್ಥಿಯ ಮೇಲೇ ಹೊರಿಸುವುದು ನ್ಯಾಯವಲ್ಲ. ಜೇಸನ್ ಡಾನಾ ಮತ್ತು ಸಂಗಡಿಗರು 2013ರಲ್ಲಿ, ವಿದ್ಯಾರ್ಥಿಗಳು ಮುಂದೆ ಪಡೆಯುವ ಅಂಕವನ್ನು ಕೆಲವರಿಂದ ಊಹಿಸಿದ ಪ್ರಯೋಗ ಪ್ರಕಟಿಸಿದರು: ಒಬ್ಬ ವಿದ್ಯಾರ್ಥಿಯ ಬಗ್ಗೆ ಹಿಂದಿನ ಅಂಕದಂಥ ಮಾಹಿತಿಯನ್ನಷ್ಟೇ ಕೊಟ್ಟರು, ಇನ್ನೊಬ್ಬ ವಿದ್ಯಾರ್ಥಿಯ ಸಂದರ್ಶನವನ್ನೂ ಮಾಡಲು ಬಿಟ್ಟರು. ಸಂದರ್ಶನ ಮಾಡಿದ ಮೇಲಿನ ಊಹೆಯೇ ಹೆಚ್ಚು ತಪ್ಪಿತು. ಕೆಲವು ಸಂದರ್ಶನಗಳಲ್ಲಿ ವಿದ್ಯಾರ್ಥಿಗಳು ಗುಟ್ಟಾಗಿ, ಪ್ರಶ್ನೆಗೆ ಸಂಬಂಧವೇ ಇಲ್ಲದ ನಿಯಮವೊಂದರಂತೆ ಹೌದು, ಅಲ್ಲ ಎನ್ನುತ್ತಿದ್ದರು. ಒಬ್ಬ ಸಂದರ್ಶಕನಿಗೂ ಅದರ ಸುಳಿವು ಸಿಗಲಿಲ್ಲ. ಅಸಂಬದ್ಧ ಉತ್ತರಗಳಿಂದಲೂ ಅವರು ಒಂದು ಸುಸಂಬದ್ಧ ವ್ಯಕ್ತಿಯನ್ನು ಕಟ್ಟಿಕೊಂಡಿದ್ದರು.

ಪಾಲ್ ಸ್ಯಾಕೆಟ್ ಮತ್ತಿತರರು ದಶಕಗಳ ಅಧ್ಯಯನಗಳನ್ನು 2022ರಲ್ಲಿ ಮರುಲೆಕ್ಕ ಹಾಕಿದಾಗ, ಮನಬಂದಂತೆ ನಡೆಸಿದ ಸಂದರ್ಶನಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ನಂಟು 0.19ರಷ್ಟು ಮಾತ್ರ ಕಂಡಿತು (1 ಎಂದರೆ ಪೂರ್ಣ ಹೊಂದಾಣಿಕೆ). ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಪ್ರತಿ ಉತ್ತರಕ್ಕೂ ಮೊದಲೇ ಗೊತ್ತುಮಾಡಿದ ಮಾನದಂಡದಂತೆ ಅಂಕ ಕೊಟ್ಟಾಗ ಅದು 0.42ಕ್ಕೆ ಏರಿತು. 1950ರ ದಶಕದಲ್ಲಿ ಯುವ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಇಸ್ರೇಲಿನ ಸೇನೆಗೆ ರೂಪಿಸಿಕೊಟ್ಟದ್ದು ಇದನ್ನೇ: ಆರು ಗುಣ, ಒಂದೊಂದಕ್ಕೂ ನಡೆದ ಸಂಗತಿಗಳ ಬಗ್ಗೆಯೇ ಪ್ರಶ್ನೆ, ಒಂದಕ್ಕೆ ಅಂಕ ಬರೆದ ಮೇಲೆಯೇ ಇನ್ನೊಂದು. ಪ್ರಭಾವಲಯ ಒಂದರಿಂದ ಇನ್ನೊಂದಕ್ಕೆ ಹರಿಯದಂತೆ ಕಟ್ಟಿದ ಒಡ್ಡು ಅದು. ಇನ್ನೂ ಮುಂದೆ ಹೋದ ಭಾರತ ಸರ್ಕಾರ 2016ರ ಜನವರಿ 1ರಿಂದ ಕೇಂದ್ರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಖಾಸಗಿ ಕಂಪನಿಗಳು ಅಷ್ಟು ದೂರ ಹೋಗಬೇಕಿಲ್ಲ. ‘ನಿಮ್ಮ ಬಗ್ಗೆ ಹೇಳಿ’ ಎಂಬುದಕ್ಕೆ ಅಂಕ ಕೊಡುವುದನ್ನು ಬಿಟ್ಟು, ಅದನ್ನು ಅಭ್ಯರ್ಥಿ ಉಸಿರು ಹದಕ್ಕೆ ತಂದುಕೊಳ್ಳುವ ನಿಮಿಷವಾಗಿ ಇಟ್ಟುಕೊಂಡರೂ ಸಾಕು.

ಅಲ್ಲಿಯವರೆಗೆ ಅಭ್ಯರ್ಥಿ ಮಾಡಬಹುದಾದ ತಯಾರಿ ಇಷ್ಟು. ಪರಿಚಯವನ್ನು ಹೆಸರಿನಿಂದ ಬರೆಯಲು ಶುರುಮಾಡಬೇಡಿ. ಸಂದರ್ಶಕರು ಎರಡನೆಯದಾಗಿ ಯಾವ ಪ್ರಶ್ನೆ ಕೇಳಿದರೆ ನೀವು ತಡವರಿಸದೆ ಹತ್ತು ನಿಮಿಷ ಮಾತನಾಡಬಲ್ಲಿರಿ ಎಂದು ಮೊದಲು ಯೋಚಿಸಿ, ಅದನ್ನು ಹಾಳೆಯ ಕೆಳಗೆ ಬರೆಯಿರಿ. ಆ ಪ್ರಶ್ನೆ ಹುಟ್ಟುವಂಥ ನಾಲ್ಕು ವಾಕ್ಯಗಳನ್ನು ಅದರ ಮೇಲೆ ಬರೆಯಿರಿ. ನಿಮ್ಮ ಕೆಲಸ ಬಲ್ಲ ಸ್ನೇಹಿತರೊಬ್ಬರಿಗೆ ಆ ನಾಲ್ಕು ವಾಕ್ಯ ಓದಿ ಹೇಳಿ, ಅವರು ಏನು ಕೇಳುತ್ತಾರೋ ನೋಡಿ. ಬೇರೆ ಪ್ರಶ್ನೆ ಬಂದರೆ ವಾಕ್ಯಗಳನ್ನು ತಿದ್ದಿ.