ಧೂಳು ಕೊಡವಲು ಮರಳು ಸುರಿದರು

2021ರ ಮೇ 22. ಮಂಗಳನ ಎಲಿಸಿಯಂ ಬಯಲಿನಲ್ಲಿ ನಿಂತಿದ್ದ ನಾಸಾದ ಇನ್‌ಸೈಟ್ ನೌಕೆ ತನ್ನ ಯಾಂತ್ರಿಕ ತೋಳಿನಿಂದ ಮರಳು ಮೊಗೆದು ಸೌರಫಲಕದ ಪಕ್ಕದಲ್ಲಿ ಮೆಲ್ಲಗೆ ಸುರಿಯಿತು. ಧೂಳು ಮುಚ್ಚಿದ ಫಲಕದ ಹತ್ತಿರ ಇನ್ನಷ್ಟು ಮಣ್ಣೇಕೆ? ಗಾಳಿ ಜೋರಾಗುವ ಹೊತ್ತು ನೋಡಿ ಸುರಿದಿದ್ದರು. ದಪ್ಪ ಕಾಳುಗಳು ಫಲಕದ ಮೇಲೆ ಜಿಗಿಯುತ್ತ ಸಾಗುವಾಗ ಅಂಟಿದ್ದ ನುಣ್ಣನೆಯ ಧೂಳನ್ನೂ ಎಬ್ಬಿಸಿಕೊಂಡು ಹೋದವು. ದಿನಕ್ಕೆ ಸುಮಾರು 30 ವ್ಯಾಟ್-ಅವರ್ ವಿದ್ಯುತ್ ಹೆಚ್ಚಿತು. ಕೋಟ್ಯಂತರ ಕಿಲೋಮೀಟರ್ ದೂರದಿಂದ ಮಾಡಿದ ಈ ಕೆಲಸ ನನಗೆ ಇಂದಿಗೂ ಬೆರಗು.

ಮಂಗಳನ ಗಾಳಿಯಲ್ಲಿ ತೇಲುವ ಧೂಳಿನ ಕಣ ಸುಮಾರು ಮೂರು ಮೈಕ್ರಾನ್‌ನಷ್ಟು ಸಣ್ಣದು. ಒಣ ಹವೆಯಲ್ಲಿ ಒಂದಕ್ಕೊಂದು ಉಜ್ಜಿ ವಿದ್ಯುದಾವೇಶ ಪಡೆಯುವುದರಿಂದ ಕೂತಲ್ಲೇ ಅಂಟುತ್ತದೆ. ಕೊಡವಬೇಕಾದ ಗಾಳಿಗೋ ಬಲವಿಲ್ಲ. ಅಲ್ಲಿನ ವಾಯು ಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲಿಗೂ ಕಡಿಮೆ. 1997ರಲ್ಲಿ ಪುಟ್ಟ ಸೋಜರ್ನರ್ ರೋವರ್ ಮೇಲೆ ಅಳೆದಾಗ, ಧೂಳಿನಿಂದಾಗಿ ಫಲಕದ ವಿದ್ಯುತ್ ದಿನಕ್ಕೆ ಶೇ 0.28ರಷ್ಟು ಇಳಿಯುತ್ತಿತ್ತು.

2004ರಲ್ಲಿ ಇಳಿದ ಸ್ಪಿರಿಟ್, ಆಪರ್ಚುನಿಟಿ ರೋವರ್‌ಗಳಿಗೆ ನಿಗದಿಯಾಗಿದ್ದ ಆಯುಸ್ಸು ತೊಂಬತ್ತು ಮಂಗಳದಿನ. ಆಗಾಗ ಬೀಸಿದ ಗಾಳಿ, ಹಾದುಹೋದ ಸುಂಟರಗಾಳಿಗಳು ಫಲಕಗಳನ್ನು ಗುಡಿಸಿದ್ದರಿಂದ ಅವು ವರ್ಷಗಟ್ಟಲೆ ದುಡಿದವು. 2018ರ ಜೂನ್‌ನಲ್ಲಿ ಇಡೀ ಗ್ರಹವನ್ನು ಕವಿದ ಧೂಳುಬಿರುಗಾಳಿಯಲ್ಲಿ ಆಪರ್ಚುನಿಟಿ ಮೌನವಾಯಿತು. ಇನ್‌ಸೈಟ್‌ಗೆ ಗಾಳಿ ಫಲಕ ಗುಡಿಸುವ ಭಾಗ್ಯವೂ ಸಿಗಲಿಲ್ಲ. ಸುಂಟರಗಾಳಿಗಳು ಪಕ್ಕದಲ್ಲೇ ಹಾದುಹೋಗುತ್ತಿದ್ದುದು ಅದರ ಒತ್ತಡಮಾಪಕದಲ್ಲಿ ದಾಖಲಾಗುತ್ತಿತ್ತು. ಫಲಕ ಮಾತ್ರ ಶುಚಿಯಾಗಲಿಲ್ಲ. ಆರಂಭದಲ್ಲಿ ದಿನಕ್ಕೆ 5,000 ವ್ಯಾಟ್-ಅವರ್ ಕೊಡುತ್ತಿದ್ದ ಫಲಕಗಳು 2022ರ ಮೇ ಹೊತ್ತಿಗೆ 500ಕ್ಕೆ ಇಳಿದಿದ್ದವು. ಅದೇ ಮೇ 4ರಂದು ನೌಕೆ 4.7 ತೀವ್ರತೆಯ ಕಂಪನವನ್ನು ಹಿಡಿಯಿತು. ಅದು ದಾಖಲಿಸಿದ ಮಂಗಳಕಂಪಗಳಲ್ಲೇ ಅತಿ ದೊಡ್ಡದು. ಉಳಿದ ವಿದ್ಯುತ್ತನ್ನು ಕಂಪನಮಾಪಕಕ್ಕೇ ಕೊಡೋಣ, ನೌಕೆ ಬೇಗ ನಿಂತರೂ ಸರಿ ಎಂದು ತಂಡ ತೀರ್ಮಾನಿಸಿತು. ಆ ತೀರ್ಮಾನ ಸರಿ ಎಂದೇ ನನ್ನ ನಂಬಿಕೆ. ಡಿಸೆಂಬರ್‌ನಲ್ಲಿ ಸಂಪರ್ಕ ಕಡಿಯಿತು. ಚೀನಾದ ಝುರಾಂಗ್ ರೋವರ್ ಕೂಡ ಅದೇ ವರ್ಷ ಚಳಿಗಾಲದ ನಿದ್ರೆಗೆ ಹೋಗಿ ಮತ್ತೆ ಏಳಲಿಲ್ಲ. ಧೂಳೇ ಕಾರಣವೆಂದು ಅಲ್ಲಿನ ವಿಜ್ಞಾನಿಗಳ ಅಂದಾಜು.

ಒಂದು ಬ್ರಷ್ ಇಟ್ಟಿದ್ದರೆ? ಬ್ರಷ್, ಮೋಟಾರ್ ಎಲ್ಲಕ್ಕೂ ತೂಕವಿದೆ, ಖರ್ಚಿದೆ. ಕ್ಯೂರಿಯಾಸಿಟಿ, ಪರ್ಸೆವೆರೆನ್ಸ್ ರೋವರ್‌ಗಳು ಪ್ಲುಟೋನಿಯಂ ಶಾಖದಿಂದ ವಿದ್ಯುತ್ ಪಡೆಯುವುದರಿಂದ ಈ ಚಿಂತೆಯಿಂದ ಪಾರಾಗಿವೆ. ಆದರೆ ಆ ಇಂಧನ ದುಬಾರಿ, ವಿರಳ. ಹಾಗಾಗಿ ನನ್ನ ಭರವಸೆ ವಿದ್ಯುತ್ ಪರದೆಯ ಮೇಲೆ: ಮೇಲ್ಮೈಯಲ್ಲಿ ಹುದುಗಿಸಿದ ತೆಳು ತಂತಿಗಳಲ್ಲಿ ವೋಲ್ಟೇಜ್ ಅಲೆಯಂತೆ ಸರಿದಾಗ ಧೂಳು ತಾನಾಗಿ ಜಾರಿಹೋಗುತ್ತದೆ. ಬ್ಲೂ ಘೋಸ್ಟ್ ನೌಕೆಯ ಮೂಲಕ 2025ರ ಮಾರ್ಚ್‌ನಲ್ಲಿ ಇದು ಚಂದ್ರನ ಮೇಲೆ ಗೆದ್ದಿದೆ. ಮಂಗಳನಲ್ಲಿ ತೊಡಕು ಬೇರೆ. ಅಲ್ಲಿನ ತೆಳು ವಾತಾವರಣದಲ್ಲಿ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ. ಕಿಡಿ ಹಾರದಂತೆ ಧೂಳನ್ನು ಎಬ್ಬಿಸುವ ವಿನ್ಯಾಸ ಬೇಕು.